ಆ ಕಡಿಂದ ಓದ್ರಿ ಸರ್

ಹೋದ ವರ್ಷ ಒಬ್ಬ ಹುಡುಗಿಗೆ 10ಕ್ಕೆ 9 ಅಂಕ ಕೊಟ್ಟೆ. ಅವಳು ಹೇಳದೇ ಇದ್ದ ಕಥೆಗೆ. ಅದು ಹೇಗಾಯಿತು ಅನ್ನೋಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ನನಗೆ ಇಂಗ್ಲಿಷ್ ಪಾಠ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಒಂದು ಆಯ್ಕೆ ಪೇಪರ್ ನನ್ನ ತಲೆಗೆ ಬಂತು. ಅದರ ವಿಷಯ, ವೈವಿಧ್ಯ ಮತ್ತು ಅಸ್ಮಿತೆ. ಯಾವ ಪುಸ್ತಕ ಇಡಬೇಕು ಅನ್ನೋದು ನನಗೇ ಬಿಟ್ಟಿದ್ದು. ಕಾದಂಬರಿ ಇಟ್ಟರೆ ಹುಡುಗರು ಏನು ಮಾಡುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಗೆ ಹೋಗಿ ಗೈಡ್ ತರುತ್ತಾರೆ. ಗ್ರಾಫಿಕ್ ಕಾದಂಬರಿಗೆ, ಅಂದರೆ ಕಾಮಿಕ್ಸಿನ ಹಾಗೆ ಚಿತ್ರಗಳಲ್ಲೇ ಕಥೆ ಹೇಳುವ ಪುಸ್ತಕಕ್ಕೆ, ಅಲ್ಲಿ ಗೈಡ್ ಸಿಗೋದಿಲ್ಲ. ನಿಜ ಹೇಳಬೇಕೆಂದರೆ ಇದೆಲ್ಲ ಶುರುವಾಗಿದ್ದು ಅಷ್ಟಕ್ಕೇ, ದೊಡ್ಡ ಯೋಚನೆ ಏನೂ ಇರಲಿಲ್ಲ.

"ಡಿಗ್ರಿ ಹುಡುಗರಿಗೆ ಡಿಂಗನ ಕಥಿ ಓದಸ್ತೀರೇನ್ರಿ?" ಅಂತ ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು ನಕ್ಕರು. ಬಾಲಮಂಗಳದ ಡಿಂಗನನ್ನು ಓದಿಯೇ ಬೆಳೆದವನು ನಾನು. ಬೇಜಾರಾಗಲಿಲ್ಲ.

ಮೊದಲ ದಿನ ಅಸ್ಮಿತೆ ಅಂದರೆ ಏನು ಅಂತ ಕೇಳಿದೆ. 38 ಜನ ಸುಮ್ನೆ ಬೋರ್ಡ್ ನೋಡುತ್ತ ಕೂತರು. ಐಡೆಂಟಿಟಿ ಅಂದೆ. "ಐಡಿ ಕಾರ್ಡ್ ಏನ್ರಿ?" ಅಂತ ಹಿಂದಿನ ಬೆಂಚಿನಿಂದ ಬಂತು. ಕೊನೆಗೆ, ಗುರುತಿಲ್ಲದ ಊರಲ್ಲಿ ನೀರು ಕೇಳಿದರೆ ಕೊಡೋಕೆ ಮುಂಚೆ ಏನು ಕೇಳ್ತಾರೆ ಅಂದೆ. ನಾಲ್ಕೈದು ಜನ ಒಟ್ಟಿಗೇ ಹೇಳಿದರು, "ಯಾರ ಪೈಕಿ?"

ಪಾಠ ಅಲ್ಲಿಂದಲೇ ಶುರುವಾಯಿತು. ಮೊದಲು ತೆಗೆದುಕೊಂಡಿದ್ದು ಭೀಮಾಯನ. 2011ರಲ್ಲಿ ಬಂದ ಪುಸ್ತಕ, ಅಂಬೇಡ್ಕರರ ಬದುಕಿನ ಕಥೆ. ಚಿತ್ರ ಬರೆದವರು ಮಧ್ಯಪ್ರದೇಶದ ಪರಧಾನ ಗೊಂಡ ಕಲಾವಿದರು, ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಅದರಲ್ಲಿ 1901ರ ಒಂದು ಪ್ರಸಂಗ ಇದೆ. ಹುಡುಗ ಭೀಮ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಸಾತಾರಾದಿಂದ ಗೋರೆಗಾಂವ್‌ನಲ್ಲಿದ್ದ ಅಪ್ಪನನ್ನು ನೋಡಲು ಹೊರಡುತ್ತಾನೆ. ಮಸೂರ್ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಕರೆದುಕೊಂಡು ಹೋಗಲು ಯಾರೂ ಬಂದಿಲ್ಲ. ಒಳ್ಳೆಯ ಬಟ್ಟೆ ತೊಟ್ಟ ಮಕ್ಕಳು, ಸ್ಟೇಷನ್ ಮಾಸ್ಟರ್ ಪ್ರೀತಿಯಿಂದಲೇ ವಿಚಾರಿಸುತ್ತಾನೆ. ಆಮೇಲೆ ಅದೇ ಪ್ರಶ್ನೆ. ಮಹಾರ್ ಅಂದ ಕೂಡಲೇ ಅವನ ಮುಖ ಬದಲಾಗುತ್ತದೆ. ಗಾಡಿಯವರು ಯಾರೂ ಹತ್ತಿಸಿಕೊಳ್ಳೋದಿಲ್ಲ. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪುತ್ತಾನೆ. ಆದರೆ ಗಾಡಿ ಹೊಡೆಯಬೇಕಾದ್ದು ಮಕ್ಕಳೇ, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ.

ಈ ಪುಸ್ತಕದಲ್ಲಿ ಖಾನೆಗಳಿಲ್ಲ. ನಮ್ಮ ಹುಡುಗರು ಕಾಮಿಕ್ಸಿನ ಚೌಕಗಳಿಗೆ ಖಾನೆ ಅಂತಲೇ ಅನ್ನೋದು, ನಾನೂ ಅದನ್ನೇ ಹಿಡಿದೆ. ನಮ್ಮ ಜನರನ್ನು ಚೌಕದೊಳಗೆ ಕೂಡಿಹಾಕೋದಿಲ್ಲ, ಉಸಿರು ಕಟ್ಟುತ್ತದೆ ಅನ್ನೋದು ಆ ಕಲಾವಿದರ ನಿಲುವು. ಮಾತಿನ ಬಲೂನಿಗೂ ಅವರದೇ ಲೆಕ್ಕ. ಮೆತ್ತಗಿನ ಮಾತಾದರೆ ಬಲೂನು ಹಕ್ಕಿಯ ಆಕಾರ. ಕುಟುಕುವ ಮಾತಾದರೆ ಬಲೂನಿಗೆ ಚೇಳಿನ ಬಾಲ. ಇದು ಹುಡುಗರಿಗೆ ಎಷ್ಟು ಹಿಡಿಸಿತು ಅಂದರೆ, ಫೀಸ್ ಕೌಂಟರಿನಲ್ಲಿ ಬೈಸಿಕೊಂಡು ಬಂದವನು ಕ್ಲಾಸಿಗೆ ಬಂದು "ಇವತ್ತು ಚೇಳಿನ ಬಲೂನ್ ಬಿತ್ರಿ ಸರ್" ಅನ್ನತೊಡಗಿದ.

ಎರಡು ಖಾನೆಗಳ ನಡುವಿನ ಬಿಳಿ ಸಂದಿಗೆ ಇಂಗ್ಲಿಷಿನಲ್ಲಿ ಗಟರ್ ಅನ್ನುತ್ತಾರೆ. ಕಥೆಯ ಅರ್ಧ ನಡೆಯೋದು ಆ ಗಟರ್‌ನಲ್ಲೇ, ಅದನ್ನು ತುಂಬುವವನು ಓದುಗ ಅಂದೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. "ಗಟಾರದಾಗ ಏನ್ ನಡೀತದ್ರಿ ಸರ್?" ಆ ಮಾತು ಸೆಮಿಸ್ಟರ್ ಪೂರ್ತಿ ನಡೆಯಿತು. ಖಾನೆ ಒಂದರಲ್ಲಿ ಅಪ್ಪ ಸಿಟ್ಟಾಗಿದ್ದಾನೆ, ಎರಡರಲ್ಲಿ ಊಟ ಮಾಡುತ್ತಿದ್ದಾನೆ. ಗಟಾರದಲ್ಲಿ ಏನಾಯಿತು? ಉತ್ತರ ಒಬ್ಬೊಬ್ಬರ ಮನೆಯದು ಒಂದೊಂದು. ವೈವಿಧ್ಯದ ಬಗ್ಗೆ ನಾನು ಕೊಡಬಹುದಾಗಿದ್ದ ಯಾವ ಲೆಕ್ಚರ್ ಕೂಡ ಇಷ್ಟು ಕೆಲಸ ಮಾಡುತ್ತಿರಲಿಲ್ಲ.

ಪರ್ಸೆಪೊಲಿಸ್ ಇಡೋಕೆ ಸ್ವಲ್ಪ ಅಂಜಿದೆ. ಇರಾನಿನ ಮರ್ಜಾನ್ ಸತ್ರಾಪಿ ಫ್ರೆಂಚಿನಲ್ಲಿ ಬರೆದ ಪುಸ್ತಕ, ಮೊದಲ ಭಾಗ ಬಂದಿದ್ದು 2000ದಲ್ಲಿ. ಶುರುವಿನಲ್ಲೇ 1980, ಹತ್ತು ವರ್ಷದ ಹುಡುಗಿ, ತಲೆ ಮೇಲೆ ಹೊಸದಾಗಿ ಬಂದ ಬಟ್ಟೆ. ಮುಂದಿನ ಖಾನೆಯಲ್ಲಿ ಕ್ಲಾಸ್ ಫೋಟೊ. ಎಡಗಡೆ ತುದಿಯಲ್ಲಿ ಕೂತ ಅವಳೇ ಅದರಲ್ಲಿ ಪೂರ್ತಿ ಬಂದಿಲ್ಲ. 2022ರ ಹಿಜಾಬ್ ಗಲಾಟೆ ನಮ್ಮ ಕಾಲೇಜುಗಳ ಗೇಟಿನವರೆಗೂ ಬಂದಿತ್ತು, ಆದ್ದರಿಂದ ಆ ಪುಟವನ್ನು ಕ್ಲಾಸಿನ ಟಿವಿಗೆ ಹಾಕುವಾಗ ನನ್ನ ಎದೆ ಡವಡವ. ಏನೂ ಆಗಲಿಲ್ಲ. ಮೂರನೇ ಬೆಂಚಿನ ಹುಡುಗಿ ಒಂದೇ ಮಾತು ಹೇಳಿದಳು. "ಅಲ್ಲಿ ಹಾಕ್ಕೊ ಅಂದ್ರು, ಇಲ್ಲಿ ತಗಿ ಅಂದ್ರು. ಕೇಳಿದವ್ರು ಯಾರೂ ಇಲ್ರಿ."

ಮೌಸ್ ಅನ್ನು ಎರಡೇ ಪಿರಿಯಡ್ಡಿನಲ್ಲಿ ಮುಗಿಸಿದೆ. ಹಿಟ್ಲರ್ ಕಾಲದ ಯಹೂದಿಗಳ ಕಥೆ, 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಪಡೆದದ್ದು, ಯಹೂದಿಗಳು ಇಲಿ, ನಾಜಿಗಳು ಬೆಕ್ಕು. "ನಮ್ಮೂರಿಗೆ ಹಚ್ಚಿದ್ರ ಯಾರ್ಯಾರು ಯಾವ ಪ್ರಾಣಿ ಸರ್?" ಅಂತ ಒಬ್ಬ ಕೇಳಿದ. ಬೆಲ್ ಆಗಿದ್ದು ಪುಣ್ಯ.

ಇನ್ನು ಆ ಹುಡುಗಿಯ ವಿಷಯ.

ಮನೆಯಲ್ಲಿ ಏನು ಮಾತಾಡ್ತೀರಿ ಅಂತ ಮೊದಲ ವಾರ ಕೈ ಎತ್ತಿಸಿದ್ದೆ. ಕನ್ನಡ, ದಖನಿ, ಲಂಬಾಣಿ. ಸೇಡಂ ಕಡೆಯ ಇಬ್ಬರು ತೆಲುಗು, ಆಳಂದ ಕಡೆಯ ಒಬ್ಬ ಮರಾಠಿ. ಇಷ್ಟು ಭಾಷೆಯ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಸಿದರೆ ನಾಲ್ಕು ಜನ ಮಾತ್ರ ಗೆಲ್ಲುತ್ತಾರೆ. ಅದಕ್ಕೇ ಒಂದು ಉಪಾಯ ಮಾಡಿದೆ. ಮಾತೇ ಇಲ್ಲದ ಒಂದು ಪುಟ. ನಿಮ್ಮ ಮನೆಯ ಒಂದು ವಸ್ತು ಹಿಡಿದು ಖಾನೆಗಳಲ್ಲಿ ಕಥೆ ಹೇಳಿ, ಒಂದಕ್ಷರ ಬರೆಯುವ ಹಾಗಿಲ್ಲ. ಚಿತ್ರಕ್ಕೆ ಭಾಷೆ ಇಲ್ಲ, ಇಲ್ಲಿ ಎಲ್ಲರೂ ಸಮ ಅಂತ ದೊಡ್ಡದಾಗಿ ಹೇಳಿದ್ದೆ ಬೇರೆ.

ಅವಳು ಎಸ್ಸೆಸ್ಸೆಲ್ಸಿವರೆಗೆ ಉರ್ದು ಮೀಡಿಯಂನಲ್ಲಿ ಓದಿದವಳು. ಕ್ಲಾಸಿನಲ್ಲಿ ಮಾತು ಕಡಿಮೆ. ಅವಳ ಪುಟದಲ್ಲಿ ಎರಡು ಸಾಲು, ಸಾಲಿಗೆ ಮೂರು ಖಾನೆ. ಪೆನ್ಸಿಲ್ಲಿನಲ್ಲೇ ಬರೆದಿದ್ದಳು, ಆದರೆ ಕೈ ಬಲು ಚೊಕ್ಕ. ನಾನು ನೋಡಿದ್ದು ಹೀಗೆ. ಹೊಲಿಗೆ ಮಷೀನಿನ ಪೆಡಲ್ ಮೇಲೆ ಒಂದು ಹೆಂಗಸಿನ ಪಾದ, ಹಿಮ್ಮಡಿ ಒಡೆದಿದೆ. ಆಮೇಲೆ ಮಷೀನಿನ ಮೇಲೆ ಬಟ್ಟೆ ಹಿಡಿದ ಎರಡು ಕೈ. ಆಮೇಲೆ ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟ ಮಷೀನು. ಕೆಳಗಿನ ಸಾಲಿನಲ್ಲಿ ಕಾಲೇಜಿನ ಗೇಟಿನ ಮುಂದೆ ಬ್ಯಾಗ್ ಹಾಕಿಕೊಂಡು ನಿಂತ ಹುಡುಗಿ. ಫೀಸಿನ ರಸೀದಿ, ಪಕ್ಕದಲ್ಲಿ ಮಡಿಸಿದ ನೋಟುಗಳು. ಕೊನೆಗೆ ಬ್ಲೌಸುಗಳ ದೊಡ್ಡ ರಾಶಿ.

ನನಗೆ ಎಲ್ಲ ಸ್ಪಷ್ಟ. ಅಮ್ಮ ಹೊಲಿಯುತ್ತಿದ್ದಳು, ಏನೋ ಆಗಿ ಮಷೀನು ನಿಂತಿತು. ಮಗಳು ಕಾಲೇಜಿಗೆ ಹೋದಳು, ಫೀಸು ಕಟ್ಟೋಕಾಗಲಿಲ್ಲ, ಓದು ಬಿಟ್ಟು ಅಮ್ಮನ ಜಾಗದಲ್ಲಿ ಹೊಲಿಯಲು ಕೂತಳು. ಕೆಂಪು ಪೆನ್ನಿನಲ್ಲಿ ಬರೆದೆ, "ಓದು ಅರ್ಧಕ್ಕೆ ನಿಂತ ಹುಡುಗಿಯ ಕಥೆ. ಕೊನೆಯ ಖಾನೆ ಕರುಳು ಹಿಂಡುತ್ತದೆ." 9 ಅಂಕ ಹಾಕಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮರುದಿನ ಆ ಪುಟವನ್ನು ಟಿವಿಗೆ ಹಾಕಿ, ನಮ್ಮ ಕಡೆ ಹೆಣ್ಣುಮಕ್ಕಳ ಓದು ಹೇಗೆ ನಿಲ್ಲುತ್ತದೆ ಅಂತ ಹತ್ತು ನಿಮಿಷ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ.

ಅವಳು ತಲೆ ತಗ್ಗಿಸಿ ಕೂತಿದ್ದಳು. ಸಂಕೋಚ ಅಂದುಕೊಂಡೆ. ಪಕ್ಕದಲ್ಲಿದ್ದ ಗೆಳತಿ ಮೊಣಕೈಯಿಂದ ತಿವಿದಳು, ಇನ್ನೊಮ್ಮೆ ತಿವಿದಳು. ಕೊನೆಗೆ ಇವಳು ಎದ್ದು ನಿಂತು, ತಪ್ಪು ತನ್ನದೇ ಅನ್ನುವ ಹಾಗೆ ಹೇಳಿದಳು.

"ಸರ್, ಅದು ಆ ಕಡಿಂದ ಓದ್ರಿ."

ಬಲದಿಂದ ಎಡಕ್ಕೆ. ಮೂಲೆಯಲ್ಲಿ ಮುಚ್ಚಿಟ್ಟ ಮಷೀನು. ಬಟ್ಟೆ ತೆಗೆಯುವ ಕೈ. ಪೆಡಲ್ ಮೇಲೆ ಪಾದ. ಹೊಲಿದ ಬ್ಲೌಸುಗಳ ರಾಶಿ. ಫೀಸು, ರಸೀದಿ. ಕಾಲೇಜಿನ ಗೇಟಿನಲ್ಲಿ ಮಗಳು.

ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆಮೇಲೆ ಹಿಂದಿನ ಬೆಂಚಿನವನೊಬ್ಬ, "ಮಾಂಗಾ ಹಂಗ ಓದಬೇಕು ಅಂತ ನೀವೇ ಹೇಳಿದ್ರಿ ಸರ್," ಅಂದ. ಹೇಳಿದ್ದೆ. ಮೊದಲ ವಾರವೇ ಬೋರ್ಡಿನ ಮೇಲೆ ಬಾಣ ಹಾಕಿ ತೋರಿಸಿದ್ದೆ. ಜಪಾನಿನವರು ಆ ಕಡೆಯಿಂದ ಓದುತ್ತಾರೆ ಅಂತ ಗೊತ್ತಿದ್ದವನಿಗೆ ಮೂರನೇ ಬೆಂಚಿನಲ್ಲಿ ಕೂತವಳು ಹತ್ತು ವರ್ಷ ಆ ಕಡೆಯಿಂದ ಓದಿದವಳು ಅಂತ ಹೊಳೆಯಲಿಲ್ಲ. ಕಲಬುರಗಿಯಲ್ಲಿದ್ದುಕೊಂಡು! ಮುಸ್ಲಿಂ ಚೌಕದ ಉರ್ದು ಬೋರ್ಡುಗಳ ಕೆಳಗೇ ದಿನಾ ಬೈಕ್ ಓಡಿಸುವವನು ನಾನು. ಮನೆಗೆ ಬರುವ ಎಷ್ಟೋ ಮದುವೆ ಕಾರ್ಡುಗಳು ಆ ಕಡೆಯಿಂದ ತೆರೆಯುತ್ತವೆ. ಅವನ್ನು ತಿರುಗಿಸಿ ಇಂಗ್ಲಿಷ್ ಇರುವ ಮಗ್ಗಲು ಹುಡುಕಿಕೊಂಡು ತಾರೀಕು, ಹಾಲ್ ನೋಡಿ ಇಡುತ್ತೇನೆ, ಅಷ್ಟೆ.

ಉಲ್ಟಾ ಓದಿದ್ದಕ್ಕೆ ಅಷ್ಟೇನೂ ನಾಚಿಕೆ ಆಗಲಿಲ್ಲ. ಅದು ಯಾರಿಗಾದರೂ ಆಗುತ್ತದೆ. ಉಲ್ಟಾ ಓದಿದರೂ ನಾನು ಎಲ್ಲೂ ಎಡವಲಿಲ್ಲವಲ್ಲ, ನಿದ್ದೆ ಕೆಡಿಸಿದ್ದು ಅದು. ಬೇರೆ ಮನೆಯ ಹುಡುಗ ಇದೇ ಪುಟ ತಂದಿದ್ದರೆ, ಮೊದಲೇ ಕೊನೆಯೇ ಅಂತ ಎರಡು ಸಲ ನೋಡುತ್ತಿದ್ದೆ. ಇವಳ ಹೆಸರು ನೋಡಿದ ಕೂಡಲೇ ಓದು ನಿಲ್ಲುವ ಕಥೆ ನನ್ನ ತಲೆಯಲ್ಲಿ ರೆಡಿ ಇತ್ತು. ಪುಟ ಅದಕ್ಕೆ ಹೊಂದಿಕೊಂಡಿತು. ಗಟಾರ ತುಂಬಿದವನು ನಾನೇ. ಮೊದಲ ದಿನ "ಯಾರ ಪೈಕಿ" ಅಂತ ಎಲ್ಲರೂ ನಕ್ಕೆವಲ್ಲ, ಅದನ್ನೇ ನಾನು ಕೆಂಪು ಪೆನ್ನಿನಲ್ಲಿ ಬರೆದಿದ್ದೆ.

ಕ್ಲಾಸಿನ ಮುಂದೆಯೇ ತಪ್ಪಾಯಿತು ಅಂದೆ. ಬರೆದಿದ್ದನ್ನು ಹೊಡೆದುಹಾಕಲು ಪುಟ ಕೇಳಿದೆ. ಅವಳು ಕೊಡಲಿಲ್ಲ. "ಇರ್ಲಿ ಬಿಡ್ರಿ ಸರ್, ಅಮ್ಮಿಗಿ ತೋರಸ್ತೀನಿ, ನಗ್ತಾಳ." ಆಮೇಲೆ ಮೆಲ್ಲಗೆ, "ಮಾರ್ಕ್ಸ್ ಅಷ್ಟೇ ಇರ್ತಾವಲ್ರಿ?"

ಆಮೇಲೆ ಕ್ಲಾಸಿನ ರೀತಿ ಸ್ವಲ್ಪ ಬದಲಾಯಿಸಿದೆ. ಪುಟದ ಮೂಲೆಯಲ್ಲಿ ಬಾಣದ ಗುರುತು ಹಾಕಿ ಅಂತ ನಿಯಮ ಮಾಡೋಣ ಅಂದುಕೊಂಡೆ, ಹುಡುಗರು ಒಪ್ಪಲಿಲ್ಲ. "ಕನ್ನಡದವ್ರು ಯಾಕ ಬಾಣ ಹಾಕಬೇಕ್ರಿ?" ಅಂತ ಒಬ್ಬ. "ಮತ್ತ ನಾವಷ್ಟೇ ಯಾಕ ಹಾಕಬೇಕು?" ಅಂತ ಆ ಕಡೆಯಿಂದ. ಸರಿ, ಬಾಣ ಬೇಡ. ಪುಟ ಟಿವಿಗೆ ಬಂದ ಮೇಲೆ ಮೊದಲು ಬೇರೆ ಇಬ್ಬರು ಓದಬೇಕು, ಬರೆದವರು ಸುಮ್ಮನಿರಬೇಕು, ಆಮೇಲೆ ಬರೆದವರು ಬಾಯಿ ಬಿಡಬೇಕು. ನನ್ನ ಸರದಿ ಎಲ್ಲರದ್ದೂ ಮುಗಿದ ಮೇಲೆ. ಅಂಕ ಹಾಕೋದು ಅದಕ್ಕೂ ಆಮೇಲೆ. ಪಾಠ ತುಂಬಾ ನಿಧಾನವಾಯಿತು, ಕೊನೆಯ ಯೂನಿಟ್ ಓಡಿಸಬೇಕಾಯಿತು. ಇನ್ನೊಂದು, ನಿಮ್ಮ ಸಮುದಾಯದ ಬಗ್ಗೆ ಬರೆಯಿರಿ ಅನ್ನೋದನ್ನು ಬಿಟ್ಟೆ. ಅದಕ್ಕೆ ಕಾರಣ ಚಿಂಚೋಳಿ ಕಡೆಯ ತಾಂಡಾದ ಹುಡುಗ. "ತಾಂಡಾ ಅಂದ್ರ ಎಲ್ಲಾರೂ ಕನ್ನಡಿ ಹಚ್ಚಿದ ಲಂಗಾನೇ ಕೇಳ್ತಾರ್ರಿ. ನಮ್ಮವ್ವ ನೈಟಿ ಹಾಕ್ತಾಳ" ಅಂದಿದ್ದ.

ಸೆಮಿಸ್ಟರ್ ಕೊನೆಗೆ ವರಾಂಡದಲ್ಲಿ ದಾರ ಕಟ್ಟಿ ಎಲ್ಲರ ಪುಟಗಳನ್ನೂ ಕ್ಲಿಪ್ ಹಾಕಿ ನೇತುಹಾಕಿದೆವು. ಮನೆಯವರಿಗೂ ಬರಲು ಹೇಳಿದ್ದೆವು. ಬಂದವರು ಹತ್ತು ಹನ್ನೆರಡು ಜನ. ಅವರಲ್ಲಿ ಅವಳ ಅಮ್ಮಿಯೂ ಇದ್ದರು. ಮಗಳ ಪುಟದ ಮುಂದೆ ಜಾಸ್ತಿ ಹೊತ್ತು ನಿಲ್ಲಲಿಲ್ಲ. ನನ್ನ ಕೆಂಪು ಅಕ್ಷರದ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿ ನಕ್ಕರು, ಅಷ್ಟೆ. ಪಕ್ಕದ್ದಕ್ಕೆ ಹೋದರು.

ಪಕ್ಕದ್ದು ಆ ತಾಂಡಾದ ಹುಡುಗನದು. ಒಂದೇ ಸಾಲು, ನಾಲ್ಕು ಖಾನೆ. ಒಲೆ ಉರಿಯುತ್ತಿದೆ, ಮುಂದೆ ಅಜ್ಜಿ. ಬಾಗಿಲಿಗೆ ಬೀಗ. ರಸ್ತೆ ಬದಿಯಲ್ಲಿ ಗಂಟುಮೂಟೆ ಇಟ್ಟುಕೊಂಡು ನಿಂತ ಮನೆಮಂದಿ. ದೂರದಲ್ಲಿ ಚುಕ್ಕೆಯಷ್ಟು ಲಾರಿ. ಕಬ್ಬು ಕಡಿಯಲು ಗುಳೆ ಹೋಗೋದು. ಅವರ ಮನೆಯವರು ವರ್ಷಾವರ್ಷ ಹೋಗುತ್ತಾರೆ, ಆ ಸಲವೂ ಹೋಗಿದ್ದರು. ಅದಕ್ಕೇ ಅವನ ಕಡೆಯಿಂದ ಯಾರೂ ಬಂದಿರಲಿಲ್ಲ.

ಅಮ್ಮಿ ಬಲಗಡೆಯಿಂದ ಶುರು ಮಾಡಿದರು. ದೂರದಲ್ಲಿ ಲಾರಿ. ಗಂಟುಮೂಟೆ ಜೊತೆ ಜನ. ಬೀಗ ಹಾಕಿದ ಬಾಗಿಲು. ಉರಿಯುವ ಒಲೆ. ಅಲ್ಲಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಹುಡುಗನ ಕಡೆ ತಿರುಗಿ, "ಅಚ್ಛಾ ಹುವಾ ಬೇಟಾ, ಸಬ್ ಘರ್ಕು ಆಗಯೆ" ಅಂದರು. ಎಲ್ಲರೂ ಮನೆಗೆ ಬಂದರಲ್ಲ, ಒಳ್ಳೇದಾಯಿತು ಅಂತ.

ಮಗಳು ಬಾಯಿ ತೆರೆದಳು. ನಾನೂ ಏನೋ ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಹುಡುಗ ಅಂದ,

"ಹೌ ಖಾಲಾ."