ಟೇಬಲ್ ಫುಲ್

ಮುಂಬಯಿ ಫೋರ್ಟಿನ ನಮ್ಮ ಕನ್ನಡ ರಾತ್ರಿ ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಹಗಲು ಚಿಕ್ಕ ಮಕ್ಕಳು ಕೂರುವ ಬೆಂಚುಗಳಲ್ಲಿ ಮೊಣಕಾಲು ತೂರಿಸಲಾಗದೆ ಅಡ್ಡಡ್ಡ ಕೂತು ಎಸ್ಸೆಸ್ಸಿ ಓದಿದವರು ನಾವು. ಬೋರ್ಡಿನ ತುಂಬ ಬೆಳಗ್ಗಿನವರ ಮರಾಠಿ ಬಾರಾಖಡಿ. ಅದನ್ನು ಅಳಿಸುವಂತಿಲ್ಲ, ಉಳಿದ ಮೂಲೆಯಲ್ಲೇ ನಮ್ಮ ಪಾಠ.

ಇಂಗ್ಲಿಷ್ ಮಾಸ್ತರರು ಹಗಲು ಬ್ಯಾಂಕಿನಲ್ಲಿ ಗುಮಾಸ್ತರು, ರಾತ್ರಿ ಷೇಕ್ಸ್‌ಪಿಯರ್ ಹುಚ್ಚರು. 'ಮ್ಯಾಕ್‌ಬೆತ್' ನಮ್ಮ ಪಾಠಕ್ಕೇ ಇರಲಿಲ್ಲ. ಆದರೂ 1984ರ ವಾರ್ಷಿಕೋತ್ಸವಕ್ಕೆ ಅದರ ಔತಣದ ದೃಶ್ಯ ಆಡಲೇಬೇಕೆಂದು ಹಟ ಹಿಡಿದರು. ಡಿ.ವಿ.ಜಿ.ಯವರ ಅನುವಾದ ನಮ್ಮ ನಾಲಿಗೆಯಲ್ಲಿ ಹೊರಳಲಿಲ್ಲವೆಂದು ತಾವೇ ಆಡುಮಾತಿನಲ್ಲಿ ಬರೆದುಕೊಟ್ಟರು. ಮ್ಯಾಕ್‌ಬೆತ್ ನಾನು. ಗಂಟಲು ದೊಡ್ಡದು ಅನ್ನುವುದೊಂದೇ ಅರ್ಹತೆ.

ಡಂಕನ್ ದೊರೆಯನ್ನು ಕೊಲ್ಲಲು ತನಗೆ ಬೇರೆ ಕಾರಣವೇ ಇಲ್ಲ, ಇರುವುದು ಮಹತ್ವಾಕಾಂಕ್ಷೆಯೊಂದೇ, ಅದು ಹಾರಿದ ರಭಸಕ್ಕೆ ತನ್ನನ್ನೇ ದಾಟಿ ಆಚೆ ಬದಿಗೆ ಬೀಳುತ್ತದೆ ಎಂದು ಮ್ಯಾಕ್‌ಬೆತ್ ಮೊದಲನೇ ಅಂಕದಲ್ಲೇ ಹೇಳಿಕೊಳ್ಳುತ್ತಾನೆ. ಕುದುರೆ ಏರುವವನ ಹೋಲಿಕೆ. "ಕುದುರೆ ಬಿಡಿ ಮಾರಾಯರೆ," ಎಂದು ಮಾಸ್ತರರು ಸೀದಾ ವಿ.ಟಿ. ಸ್ಟೇಷನ್ನಿಗೆ ಬಂದರು. "ಗಾಡಿ ನಿಲ್ಲುವ ಮೊದಲೇ ಸೀಟಿಗೆ ಹಾರ್ತೀರಲ್ಲ, ಒಬ್ಬ ಹಾರಿದವನು ಸೀಟು ಬಿಟ್ಟು ಆಚೆ ಬಾಗಿಲಿಂದ ಹಳಿಗೇ ಬಿದ್ದ ಅಂತ ಇಟ್ಕೊಳ್ಳಿ. ಅದು."

ನಾನು ಮಾಟಗಾತಿಯರ ಮೇಲೆ ತಪ್ಪು ಹೊರಿಸಿದೆ. ಅವರು ಪುಸ್ತಕವನ್ನೇ ನನ್ನ ಮುಂದಿಟ್ಟರು. "ಕೊಲ್ಲು ಅಂತ ಎಲ್ಲಿ ಹೇಳಿದ್ದಾರೆ, ತೋರಿಸು. ದೊರೆಯಾಗ್ತಿ ಅಂದರು, ಅಷ್ಟೇ. ಗೆಳೆಯ ಬ್ಯಾಂಕೋನೂ ಪಕ್ಕದಲ್ಲೇ ನಿಂತು ಕೇಳಿದ್ದ. ಅವನೇನು ಚೂರಿ ತಗೊಂಡನಾ?"

ನನಗದು ನಾಟಿತು. ಯಾಕೆಂದರೆ ಆ ತಿಂಗಳಷ್ಟೇ ನಾನು ಹೋಟೆಲಿನಲ್ಲಿ ಸಪ್ಲೈಯರ್ ಕೆಲಸದಿಂದ ಗಲ್ಲಾಕ್ಕೆ ಏರಿದ್ದೆ. ಅಲ್ಲಿ ಮೊದಲು ಕೂರುತ್ತಿದ್ದವರು ನನ್ನನ್ನು ಊರಿಂದ ಕರೆತಂದ ಅಣ್ಣ. ತಂದೆಗೆ ಸೀಕು ಎಂದು ಅತ್ತ ಕ್ಲೀನರ್ ಹುಡುಗನಿಗೆ ಧಣಿಗಳನ್ನು ಕೇಳದೆ ಗಲ್ಲಾದಿಂದ ಐವತ್ತು ರೂಪಾಯಿ ಕೊಟ್ಟಿದ್ದರು, ಮರುದಿನ ತಮ್ಮ ಲೆಕ್ಕದಿಂದ ತುಂಬುವವರಿದ್ದರು. ನಾನು ಅದೇ ರಾತ್ರಿ ಧಣಿಗಳ ಕಿವಿಗೆ ಹಾಕಿದೆ. ಹೇಳು ಅಂತ ಯಾರೂ ಹೇಳಿರಲಿಲ್ಲ. "ನಿನಗೂ ಒಂದಿನ ಗಲ್ಲಾ ಸಿಗುತ್ತೆ ಬಿಡು," ಎಂದು ಅಣ್ಣನೇ ಒಮ್ಮೆ ತಮಾಷೆ ಮಾಡಿದ್ದರು, ಅಷ್ಟೇ.

ಚರಿತ್ರೆಯ ಮ್ಯಾಕ್‌ಬೆತ್ 1040ರಿಂದ 1057ರವರೆಗೆ, 17 ವರ್ಷ ಸ್ಕಾಟ್ಲೆಂಡ್ ಆಳಿದನಂತೆ. ಡಂಕನ್ ಸತ್ತದ್ದೂ ಮಲಗಿದ್ದಲ್ಲಲ್ಲ, ಯುದ್ಧದಲ್ಲಿ. ಮಾಸ್ತರರು ಹೇಳಿದಾಗ ಆ ಮ್ಯಾಕ್‌ಬೆತ್‌ನ ಮೇಲೆ ನನಗೆ ಹೊಟ್ಟೆಕಿಚ್ಚೇ ಆಯಿತು. ನಾಟಕದವನಿಗೆ ಕೊಂದ ರಾತ್ರಿಯೇ ನಿದ್ದೆ ಹಾರಿಹೋಗುತ್ತದೆ.

ವಾರ್ಷಿಕೋತ್ಸವದ ದಿನ ಹೆಡ್‌ಮಾಸ್ತರರ ಕೈಕುರ್ಚಿಯೇ ಸಿಂಹಾಸನ. ಮ್ಯಾಕ್‌ಬೆತ್ ಕೊಲ್ಲಿಸಿದ ಬ್ಯಾಂಕೋನ ಪ್ರೇತ ಒಬ್ಬ ದೋಸೆ ಭಟ್ಟ. ಮುಖಕ್ಕೆ ಅಕ್ಕಿಹಿಟ್ಟು, ಹಣೆಗೆ ಕುಂಕುಮ ಕಲಸಿದ ನೆತ್ತರು, ಬೆವರಿಗೆ ಎರಡೂ ಸೇರಿ ಗಲ್ಲದ ಮೇಲೆ ಗುಲಾಬಿ ಗೆರೆ ಇಳಿಯುತ್ತಿತ್ತು. ಅವನು ಮೆಲ್ಲ ಬಂದು ನನ್ನ ಕುರ್ಚಿಯಲ್ಲಿ ಕೂತ. ಪ್ರೇತ ಕಾಣುವುದು ಮ್ಯಾಕ್‌ಬೆತ್‌ನೊಬ್ಬನಿಗೇ. ಔತಣಕ್ಕೆ ಬಂದ ಪ್ರಭುಗಳು ಕೂರಿ ಎಂದರು. ನಾನು ನೋಡಿ ಹೇಳಬೇಕಾದ ಮಾತು, "ಮೇಜು ತುಂಬಿದೆ."

ಬಾಯಿಗೆ ಬಂದದ್ದು, "ಟೇಬಲ್ ಫುಲ್!"

ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲಲ್ಲಿ ನಿಂತು ನೂರು ಸಲ ಕೂಗುವ ಮಾತು. ಕೂತವರಲ್ಲಿ ಮುಕ್ಕಾಲು ಜನ ಹೋಟೆಲಿನವರೇ, ನಕ್ಕು ಬಿದ್ದರು. ಲೆನಾಕ್ಸ್ ಆಗಿದ್ದ ಹುಡುಗ ನಗು ತಡೆದು, ಖಾಲಿಯಲ್ಲದ ಆ ಕುರ್ಚಿಯನ್ನೇ ತೋರಿಸಿ, "ಇಲ್ಲಿ ನಿಮಗಾಗಿ ಒಂದು ಜಾಗ ಇಟ್ಟಿದ್ದೇವಲ್ಲ, ಪ್ರಭು," ಅಂದ. ಮುಂದಿನ ಮಾತು "ಎಲ್ಲಿ?" ಎರಡಕ್ಷರ. ಅದು ಬರಲೇ ಇಲ್ಲ. ಮಾಸ್ತರರು ಪರದೆ ಎಳೆಸಿದರು. ಎಲ್ಲರೂ ಮಾತು ಮರೆತೆ ಎಂದುಕೊಂಡರು.

ಮೂರು ವರ್ಷದ ಹಿಂದೆ ಕುಂದಾಪುರದಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಅಣ್ಣ ಕೂತಿದ್ದರು, ಹಲ್ಲು ಹೋಗಿ ಗಲ್ಲ ಒಳಗಿಳಿದಿತ್ತು. ನನ್ನನ್ನು ಕಂಡವರೇ ಸರಿದು, ಪಕ್ಕದ ಎಲೆಯನ್ನು ತೋರಿಸಿದರು. "ಬಾ ಮಗಾ, ಇಲ್ಲಿ ಜಾಗ ಇದೆ."

"ಊಟ ಆಯ್ತಣ್ಣ," ಅಂದೆ. ಆಗಿರಲಿಲ್ಲ.