ಆಕ್ಸೆಸ್ ಪಾಯಿಂಟ್‌ಗೆ ಐಪಿ: ಎಪಿಯಲ್ಲಿ ಟೈಪ್ ಮಾಡಬೇಡಿ, ರೂಟರಿನಲ್ಲಿ ಕಾಯ್ದಿರಿಸಿ

ವೈಫೈ ಆಕ್ಸೆಸ್ ಪಾಯಿಂಟ್ ಅಂದರೆ ಎಪಿಗೆ ಸ್ಟ್ಯಾಟಿಕ್ ಐಪಿ (ಕೈಯಾರೆ ಹಾಕುವ, ಬದಲಾಗದ ನೆಟ್‌ವರ್ಕ್ ವಿಳಾಸ) ಹಾಕಬೇಕೋ, ವಿಳಾಸಗಳನ್ನು ತಾನೇ ಹಂಚುವ ಡಿಎಚ್‌ಸಿಪಿಗೆ ಬಿಡಬೇಕೋ? ಎಪಿಯನ್ನು ಡಿಎಚ್‌ಸಿಪಿಯಲ್ಲೇ ಇಟ್ಟು, ಅದರ ವಿಳಾಸವನ್ನು ರೂಟರಿನಲ್ಲಿ ರಿಸರ್ವ್ ಮಾಡಿ.

ಎಪಿಯ ಐಪಿ ಬೇಕಾಗುವುದು ಎಪಿಯನ್ನು ನೋಡಿಕೊಳ್ಳುವುದಕ್ಕೆ ಮಾತ್ರ. ಫೋನು, ಲ್ಯಾಪ್‌ಟಾಪಿಗೆ ಐಪಿ ಬರುವುದು ರೂಟರಿನಿಂದ. ಎಪಿ ನಡುವಿನ ಸೇತುವೆ ಅಷ್ಟೆ. ಟ್ರಾಫಿಕ್ಕನ್ನೆಲ್ಲ ಕಂಟ್ರೋಲರ್ (ಎಪಿಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ಸಾಧನ ಅಥವಾ ಸಾಫ್ಟ್‌ವೇರ್) ಮೂಲಕವೇ ಹಾಯಿಸುವ ದೊಡ್ಡ ವ್ಯವಸ್ಥೆಗಳ ಮಾತು ಬೇರೆ. ಎಪಿ ಬರೀ ಸೇತುವೆಯಾದ್ದರಿಂದಲೇ ಅದರ ಐಪಿ ಕೆಟ್ಟರೂ ಎಷ್ಟೋ ಸಲ ವೈಫೈ ಓಡುತ್ತಲೇ ಇರುತ್ತದೆ, ಕಂಟ್ರೋಲರಿನಲ್ಲಿ ಮಾತ್ರ ಎಪಿ ಆಫ್‌ಲೈನ್ ಎಂದು ಕಾಣುತ್ತದೆ.

ಪವರ್ ಬಂದು ಬೂಟ್ ಆದಮೇಲೆ ಐಪಿ ಕೇಳಲು ಎಪಿ ‘ಡಿಸ್ಕವರ್’ ಕಳಿಸುತ್ತದೆ, ಡಿಎಚ್‌ಸಿಪಿ ಸರ್ವರ್ (ಮನೆಯಲ್ಲಿ ಸಾಮಾನ್ಯವಾಗಿ ರೂಟರೇ) ‘ಆಫರ್’ ಕೊಡುತ್ತದೆ, ಎಪಿ ‘ರಿಕ್ವೆಸ್ಟ್’ ಮಾಡುತ್ತದೆ, ಸರ್ವರ್ ‘ಆಕ್’ ಹೇಳುತ್ತದೆ. ಎಲ್ಲವೂ ಯುಡಿಪಿ 67, 68ನೇ ಪೋರ್ಟುಗಳಲ್ಲಿ. ಲೀಸ್ (ವಿಳಾಸ ಕೊಟ್ಟ ಅವಧಿ) ಅರ್ಧ ಕಳೆಯುತ್ತಲೇ ನವೀಕರಣ. ಯಾರೂ ಉತ್ತರಿಸದಿದ್ದರೆ ಯೂನಿಫೈ ಎಪಿ 192.168.1.20ಕ್ಕೆ, ಟಿಪಿ-ಲಿಂಕ್ ಇಎಪಿ 192.168.0.254ಕ್ಕೆ ಹೋಗಿ ಕೂರುತ್ತದೆ. ಎರಡು ಎಪಿಗಳು ಒಂದೇ ವಿಳಾಸದಲ್ಲಿ ಕಂಡರೆ ಮೊದಲು ಡಿಎಚ್‌ಸಿಪಿ ನೋಡಿ. ಹೆಚ್ಚಾಗಿ ಕಾರಣ, ಸ್ವಿಚ್ ಪೋರ್ಟಿನಲ್ಲಿ ಮ್ಯಾನೇಜ್‌ಮೆಂಟ್ ವಿಎಲ್ಯಾನ್ (ಎಪಿಗಳನ್ನು ನೋಡಿಕೊಳ್ಳಲೆಂದೇ ಬೇರ್ಪಡಿಸಿದ ನೆಟ್‌ವರ್ಕ್ ಭಾಗ) ಟ್ಯಾಗ್ ಆಗಿರುತ್ತದೆ, ಅಂದರೆ ಅದರ ಡೇಟಾಕ್ಕೆ ವಿಎಲ್ಯಾನ್ ಸಂಖ್ಯೆಯ ಗುರುತು ಅಂಟಿರುತ್ತದೆ. ಹೊಸ ಎಪಿ ಟ್ಯಾಗ್ ಇಲ್ಲದೆಯೇ ಕೇಳುವುದರಿಂದ ಆ ಪೋರ್ಟಿನಲ್ಲಿ ಆ ವಿಎಲ್ಯಾನ್ ಅನ್‌ಟ್ಯಾಗ್ಡ್ ಇರಬೇಕು.

ರಿಸರ್ವೇಶನ್ ಮಾಡುವಾಗ ಪೂಲ್ (ಡಿಎಚ್‌ಸಿಪಿ ಹಂಚುವ ವಿಳಾಸಗಳ ಸಾಲು) 192.168.1.100ರಿಂದ 199 ಇದ್ದರೆ ಎಪಿಗಳಿಗೆ 192.168.1.11ರಿಂದ ಮೇಲಕ್ಕೆ ಕೊಡಿ. ಕೆಲವು ರೂಟರ್‌ಗಳು ಪೂಲಿನೊಳಗಿನ ವಿಳಾಸವನ್ನೇ ಕೇಳುತ್ತವೆ, ಕೊಡಬಹುದು. ಮ್ಯಾಕ್ ವಿಳಾಸ (ಸಾಧನದ ಹಾರ್ಡ್‌ವೇರ್ ಗುರುತು) ಮಾತ್ರ ಎಪಿಯ ಈಥರ್ನೆಟ್ಟಿನದೇ ಆಗಿರಲಿ. ಫೋನಿನ ವೈಫೈ ಆ್ಯಪ್‌ನಲ್ಲಿ ಕಾಣುವುದು ರೇಡಿಯೊದ ಮ್ಯಾಕ್. ಅದರ ಕೆಲವು ಅಂಕಿಗಳು ಬೇರೆಯಿರುತ್ತವೆ, ಅದನ್ನು ಹಾಕಿದರೆ ರಿಸರ್ವೇಶನ್ ಹತ್ತುವುದಿಲ್ಲ. ಆಮೇಲೆ ಸ್ವಿಚ್ಚಿನ ಪಿಒಇ ಪೋರ್ಟನ್ನು (ನೆಟ್‌ವರ್ಕ್ ಕೇಬಲ್ಲಿನಲ್ಲೇ ಎಪಿಗೆ ಕರೆಂಟ್ ಕೊಡುವ ಪೋರ್ಟು) ಆಫ್ ಮಾಡಿ ಆನ್ ಮಾಡಿ, ಏಣಿ ಹತ್ತುವ ಕೆಲಸವಿಲ್ಲ.

ಎಪಿಯಲ್ಲೇ ಸ್ಟ್ಯಾಟಿಕ್ ಹಾಕಿದರೆ ಐಪಿ, ಮಾಸ್ಕ್, ಗೇಟ್‌ವೇ, ಡಿಎನ್ಎಸ್ ನಾಲ್ಕೂ ಸರಿಯಿರಬೇಕು. ಗೇಟ್‌ವೇ (ಹೊರಗೆ ಹೋಗುವ ದಾರಿ, ಅಂದರೆ ರೂಟರಿನ ವಿಳಾಸ) ತಪ್ಪಿದರೆ ಪಕ್ಕದ ಲ್ಯಾಪ್‌ಟಾಪಿನಿಂದ ಪಿಂಗ್ ಹೋಗುತ್ತದೆ, ಬೇರೆ ಸಬ್‌ನೆಟ್ಟಿನ (ಬೇರೆ ವಿಳಾಸ ಗುಂಪಿನ) ಕಂಟ್ರೋಲರ್ ಸಿಗುವುದಿಲ್ಲ. ಪಿಂಗ್ ಬರುತ್ತಿರುವುದರಿಂದ ಕಾರಣ ಹೊಳೆಯುವುದೂ ತಡ. ಪೂಲಿನೊಳಗಿನ ವಿಳಾಸ ಹಾಕಿದರೆ ಎಂದೋ ಒಂದು ದಿನ ಅದೇ ಐಪಿ ಯಾವುದೋ ಫೋನಿಗೂ ಹೋಗಿ ಜಗಳ ಶುರು. ನಾಳೆ ನೆಟ್‌ವರ್ಕನ್ನು 10.0.0.0ಕ್ಕೆ ಬದಲಿಸಿದರೆ ಡಿಎಚ್‌ಸಿಪಿ ಎಪಿಗಳು ತಾವಾಗಿಯೇ ಬರುತ್ತವೆ, ಸ್ಟ್ಯಾಟಿಕ್ ಹಾಕಿದವನ್ನು ಒಂದೊಂದಾಗಿ ಹುಡುಕಬೇಕು. ಎಪಿ ಇರುವ ವಿಎಲ್ಯಾನಿನಲ್ಲಿ ಡಿಎಚ್‌ಸಿಪಿಯೇ ಇಲ್ಲದಿದ್ದರೆ ಮಾತ್ರ ಸ್ಟ್ಯಾಟಿಕ್ ಸರಿ.

ಡಿಎಚ್‌ಸಿಪಿಗೆ ಇನ್ನೊಂದು ಲಾಭವಿದೆ: ಕಂಟ್ರೋಲರ್ ಎಲ್ಲಿದೆ ಎಂದು ಆಪ್ಷನ್ 43 ಎಂಬ ಹೆಚ್ಚುವರಿ ಮಾಹಿತಿಯಲ್ಲಿ ಅದೇ ತಿಳಿಸುತ್ತದೆ. ಯೂನಿಫೈ ಕಂಟ್ರೋಲರ್ 192.168.10.5 ಆದರೆ ಹೆಕ್ಸ್‌ನಲ್ಲಿ 01 04 ಸಿ0 ಎ8 0ಎ 05. ಇಲ್ಲಿ 04 ಎಂದರೆ ಮುಂದೆ ನಾಲ್ಕು ಬೈಟ್. ಸಿಸ್ಕೊದಲ್ಲಿ ಮೊದಲ 01ರ ಜಾಗಕ್ಕೆ ಎಫ್1 ಬರುತ್ತದೆ.

ಹಳೆಯ ರೂಟರನ್ನೇ ಎಪಿ ಮಾಡುವವರು ಮೊದಲು ಅದರ ಲ್ಯಾನ್ ಐಪಿಯನ್ನು 192.168.1.1ರಿಂದ 192.168.1.2ಕ್ಕೆ ಬದಲಿಸಿ, ಡಿಎಚ್‌ಸಿಪಿ ಸರ್ವರ್ ಆಫ್ ಮಾಡಿ, ಕೇಬಲನ್ನು ವ್ಯಾನ್ (ಇಂಟರ್ನೆಟ್) ಪೋರ್ಟು ಬಿಟ್ಟು ಲ್ಯಾನ್ ಪೋರ್ಟಿಗೆ ಚುಚ್ಚಿ. ಸರ್ವರ್ ಆಫ್ ಮಾಡಲು ಮರೆತರೆ ಮನೆಯಲ್ಲಿ ಕೆಲವು ಫೋನಿಗೆ ಮಾತ್ರ ಇಂಟರ್ನೆಟ್ ಬರುವುದಿಲ್ಲ, ಆ ಫೋನುಗಳಲ್ಲಿ ಗೇಟ್‌ವೇ 192.168.1.2 ಎಂದು ತೋರಿಸುತ್ತಿರುತ್ತದೆ.