ವಿಥ್‌ಡ್ರಾ ಲಿಸ್ಟಿಗೆ ಹೋಗಿದ್ದ ಸ್ಟಾರ್ ಟ್ರೆಕ್ ಕಾದಂಬರಿ

ದಾವಣಗೆರೆಯ ಒಂದು ಕಾಲೇಜ್ ಲೈಬ್ರರೀಲಿ ಕೆಲಸ ನಂದು. ಸ್ಟಾಕ್ ವೆರಿಫಿಕೇಶನ್ ಮುಗಿದ್ರೂ ಕಮಿಟಿ ಮೀಟಿಂಗಲ್ಲಿ ಆಗಿದ್ದು ಇನ್ನೂ ಕೊರೀತಾ ಇದೆ.

ವಿಥ್‌ಡ್ರಾ ಲಿಸ್ಟಲ್ಲಿ, ಅಂದ್ರೆ ಲೈಬ್ರರಿಯಿಂದ ತೆಗೆದು ಹಾಕೋ ಪುಸ್ತಕಗಳ ಪಟ್ಟೀಲಿ, ‘ಟೆರೋಕ್ ನೋರ್: ಡೇ ಆಫ್ ದ ವೈಪರ್ಸ್’ ಇತ್ತು, ಜೇಮ್ಸ್ ಸ್ವಾಲೋ ಬರೆದಿದ್ದು, 2008ರದು, ಡೊನೇಶನ್ ಕಾಪಿ. ಮೇಲೆ ಸ್ಟಾರ್ ಟ್ರೆಕ್ ಅಂತ ಟಿವಿ ಸರಣಿಯ ಹೆಸರು ಇದೆ ಅಂತ ಹಿಂದೆ ಯಾರೋ ಟಿವಿ ವಿಷಯದ ಕ್ಲಾಸ್ ನಂಬರ್ 791.45 ಹಾಕಿ ಟಿವಿ ಪುಸ್ತಕಗಳ ರ‍್ಯಾಕಿಗೆ ಸೇರಿಸಿದ್ರು. ಕಾದಂಬರಿ ಕಣ್ರೀ ಅದು, ಇಂಗ್ಲಿಷ್ ಕಾದಂಬರಿಗಳ ನಂಬರ್ 823ರಲ್ಲಿ ಇರ್ಬೇಕು! ಕಾದಂಬರಿ ಓದೋರು ಆ ಕಡೆ ಹೋಗಲ್ಲ, ಇಶ್ಯೂ ಆಗಲ್ಲ, ಇಶ್ಯೂ ಆಗಿಲ್ಲ ಅಂತ ರದ್ದಿಗೆ.

ಕಥೆ ಏನಂದ್ರೆ, ಕಾರ್ಡಾಸಿಯಾ ಅನ್ನೋ ಗ್ರಹದಲ್ಲಿ ಮಿಲಿಟರಿ ಆಡಳಿತ, ಅಲ್ಲಿನ ಹಳೇ ಒರಾಲಿಯನ್ ಪಂಥದವರನ್ನ ತುಳೀತಾನೇ ಇರ್ತಾರೆ, ಆದ್ರೆ ಬಜೋರ್ ಗ್ರಹಕ್ಕೆ ಹೋಗುವಾಗ ಅದೇ ಪಂಥದ ಗುರುವನ್ನ ಜೊತೇಲಿ ಕರ್ಕೊಂಡು ಹೋಗ್ತಾರೆ, ಯಾಕಂದ್ರೆ ಬಜೋರಿನವರು ದೈವಭಕ್ತರು. ಆ ಬಜೋರಲ್ಲೂ ಡಿಜಾರ ಅಂತ ಇದೆ, ಹುಟ್ಟಿದ ಮನೆ ನೋಡಿ ಕಸುಬು, ಕಸುಬು ನೋಡಿ ಮೇಲು ಕೀಳು. ಚಳ್ಳಕೆರೆ ಕಡೆಯ ಒಬ್ಬ ಬಿಎ ಹುಡುಗ ರೀಡಿಂಗ್ ಹಾಲಲ್ಲೇ ಕೂತು ಓದಿ, ಕೌಂಟರಿಗೆ ಬಂದು ಮೆಲ್ಲಗೆ ಕೇಳಿದ್ದ, ‘ಮೇಡಂ, ನಮ್ಮೂರಾಗೂ ಹಿಂಗೇ ಐತಲ್ರಿ, ಇದನ್ನ ಬರೆದೋರಿಗೆ ಹೆಂಗೆ ಗೊತ್ತಾತು?’ ರೀಡಿಂಗ್ ಹಾಲಲ್ಲಿ ಓದಿದ್ದು ನಮ್ಮ ಸಾಫ್ಟ್‌ವೇರಿಗೆ ಲೆಕ್ಕಕ್ಕೇ ಬರಲ್ಲ.

ಮೀಟಿಂಗಲ್ಲಿ ಒಬ್ಬ ಸರ್ ಮೊದಲು ‘ಟಿವಿ ಬುಕ್, ತೆಗೀರಿ’ ಅಂದ್ರು. ನಾನು ಕಥೆ ಹೇಳಿದೆ. ಆಗ ಅವರೇ ಹಿಂದಿನ ಕವರ್ ಓದಿ ‘ಧರ್ಮದ ವಿಷಯ ಬೇರೆ ಇದೆ, ನಾಳೆ ಯಾರಾದ್ರೂ ಕಂಪ್ಲೇಂಟ್ ಕೊಟ್ರೆ?’ ಅಂದ್ರು. ಯಾರೂ ಮಾತಾಡಲಿಲ್ಲ. ಅಟೆಂಡರ್ ಸೀಲ್ ಕೈಲಿ ಹಿಡ್ಕೊಂಡು ನನ್ನ ಮುಖ, ಅವರ ಮುಖ ನೋಡ್ತಾ ನಿಂತಿದ್ದ, ನಂಗೆ ಬಾಯಿ ಒಣಗಿ ಹೋಗಿತ್ತು, ನನ್ನ ಕೆಲಸ ಖಾಯಂ ಮಾಡೋ ಕನ್ಫರ್ಮೇಶನ್ ಫೈಲ್ ಅದೇ ಸರ್ ಟೇಬಲ್ ಮೇಲಿದೆ ಅನ್ನೋದೂ ತಲೇಲಿತ್ತು. ಆದ್ರೂ ಕೇಳ್ದೆ, ‘ಸರ್, ಕೆಲಸಕ್ಕೆ ಬಾರದ ಪುಸ್ತಕ ಅಂತ ತೆಗೀತೀರಾ, ಹೆದರಿಕೆಗೆ ತೆಗೀತೀರಾ? ರಿಜಿಸ್ಟರಲ್ಲಿ ಕಾರಣ ಬರೀಬೇಕು, ಒಂದು ಹೇಳಿ.’

ತುಂಬಾ ಹೊತ್ತು ಸುಮ್ನಿದ್ದು ‘ಇಟ್ಕೊಳ್ಳಿ’ ಅಂದ್ರು.

ಹೊಸ ಸ್ಪೈನ್ ಲೇಬಲ್ ಅವತ್ತೇ ಅಂಟಿಸ್ದೆ. ಲೈಬ್ರರಿ ಕೆಲಸಕ್ಕೆ ಹೊಸದಾಗಿ ಬಂದೋರಿಗೆ ಹೇಳೋದಿಷ್ಟೆ, ಇಶ್ಯೂ ರಿಪೋರ್ಟ್ ಒಂದನ್ನೇ ನಂಬಿ ಲಿಸ್ಟ್ ಮಾಡ್ಬೇಡಿ, ಕ್ಲಾಸ್ ನಂಬರ್ ಸರಿ ಇದೆಯಾ ನೋಡಿ, ಹತ್ತು ಪುಟನಾದ್ರೂ ಓದಿ. ಈ ಸರಣೀಲಿ ಇನ್ನೂ ಎರಡು ಭಾಗ ಇದೆ, ತರಿಸೋಕೆ ಇಂಡೆಂಟ್ ಹಾಕಿದೀನಿ.